ಮೈಸೂರಿನ ಜಾವಾ: ಬೆಳೆದದ್ದೆಷ್ಟು, ಕಲಿತದ್ದೆಷ್ಟು?

ಮೈಸೂರಿನ ಜಾವಾ ಮೋಟರ್‌ಸೈಕಲ್, ಅಂದರೆ ಮುಂದೆ ಯೆಜ್ಡಿ ಎನಿಸಿಕೊಂಡ ಗಾಡಿಯ ಮಾತು ಬಂದರೆ ನಮ್ಮವರ ಬಾಯಲ್ಲಿ ಹೊಗಳಿಕೆ ಬಿಟ್ಟು ಬೇರೇನೂ ಬರುವುದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಹಳೇ ಗಾಡಿಗಳೆಲ್ಲ ಒಂದೆಡೆ ಸೇರಿ ಹೊಗೆ ಎಬ್ಬಿಸಿದರೆ ನನಗೂ ಖುಷಿಯೇ. ಆದರೆ ಹೊರದೇಶದ ಕಂಪನಿಯೊಂದು ಇಲ್ಲಿ ಬೇರೂರಿದ ಕತೆ ಎಂದು ಇದನ್ನು ಒರೆಗೆ ಹಚ್ಚಿದರೆ, ಅಭಿಮಾನದ ಬಣ್ಣ ಸ್ವಲ್ಪ ಮಾಸುತ್ತದೆ.

ಜಾವಾ 1929ರಲ್ಲಿ ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಕಟ್ಟಿದ ಕಂಪನಿ. ಅದರ ಗಾಡಿಗಳನ್ನು ಬೊಂಬಾಯಿಯ ಐಡಿಯಲ್ ಮೋಟರ್ಸ್ ತರಿಸಿ ಮಾರುತ್ತಿತ್ತು. ಆಮದಿಗೆ ಸರ್ಕಾರ ಲಗಾಮು ಹಾಕಿದಾಗ, ಐಡಿಯಲ್ ಮೋಟರ್ಸ್‌ನ ರುಸ್ತುಂ ಇರಾನಿ ಜಾವಾದಿಂದ ಲೈಸೆನ್ಸ್ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಿಂದ ಗಾಡಿಗಳು ಹೊರಬಂದವು. ಪೈಪೋಟಿಗೆ ಇದ್ದದ್ದು ಬುಲೆಟ್, ರಾಜ್‌ದೂತ್, ಅಷ್ಟೇ. ಬಾಗಿಲು ಹಾಕಿದ ಮಾರುಕಟ್ಟೆಯಲ್ಲಿ ಒಳಗಿದ್ದವರೆಲ್ಲ ಬೆಳೆದರು, ಜಾವಾ ಕೂಡ.

ಹಾಗೆಂದು ಗಾಡಿ ಕಳಪೆಯೇನಲ್ಲ. ಬೆಂಗಳೂರಿನ ಬ್ಯಾಡರಹಳ್ಳಿಯ ಕಡೆ ಮಾಗಡಿ ರಸ್ತೆಯ ಗ್ಯಾರೇಜೊಂದರಲ್ಲಿ ಹಳೇ ಯೆಜ್ಡಿ ಬಿಚ್ಚುವುದನ್ನು ನೋಡುತ್ತಾ ನಿಂತಿದ್ದೆ. ಎಡಗಡೆ ಇರುವುದು ಒಂದೇ ಲಿವರ್. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್‌ಗಳ ಗೋಜಿಲ್ಲ. ಹೆಡ್ ಬಿಚ್ಚಿ ಪಿಸ್ಟನ್ ಮೇಲಿನ ಮಸಿ ಕೆರೆದು ಮತ್ತೆ ಕೂರಿಸಲು ಮೆಕ್ಯಾನಿಕ್‌ಗೆ ನಾಲ್ಕು ಸ್ಪ್ಯಾನರ್ ಸಾಕಾಯಿತು. ಊರೂರಿನ ಮೆಕ್ಯಾನಿಕ್ಕನ ಕೈಗೆ ಎಟುಕುವ ಇಂಜಿನ್ ಅದು. ಅಷ್ಟು ದಿನ ರಸ್ತೆಯಲ್ಲಿ ಉಳಿದದ್ದರ ಗುಟ್ಟು ಇಲ್ಲಿದೆಯೇ ಹೊರತು ಜಾಹೀರಾತಿನಲ್ಲಿ ಅಲ್ಲ.

ತಕರಾರಿರುವುದು ಆಮೇಲಿನ ನಡೆಯ ಬಗ್ಗೆ. 1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. ಹೆಸರು ನಮ್ಮದಾಯಿತು, ನಕ್ಷೆ ಮಾತ್ರ ಝೆಕ್ಕರದ್ದೇ. 1978ರ ರೋಡ್‌ಕಿಂಗ್‌ನ 250 ಸಿಸಿ ಇಂಜಿನ್ 16 ಹಾರ್ಸ್‌ಪವರ್ ಕೊಡುತ್ತಿತ್ತು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದು 98 ಸಿಸಿಯಲ್ಲೇ 11 ತೆಗೆದು ತೋರಿಸಿತು. ಅದೇ ವರ್ಷ ಹೀರೋ ಹೋಂಡಾದ ಸಿಡಿ 100 ಫೋರ್ ಸ್ಟ್ರೋಕ್ ಇಂಜಿನ್ನಿನ ಮೈಲೇಜು ತೋರಿಸಿ ಸಂಬಳದವರನ್ನು ಸೆಳೆದುಕೊಂಡಿತು. ಎರಡು ದಶಕ ಕೈಯಲ್ಲಿದ್ದರೂ ಮೈಸೂರು ತನ್ನದೇ ಹೊಸ ಇಂಜಿನ್ ಮಾಡಿ ಇದಕ್ಕೆ ಉತ್ತರ ಕೊಡಲಿಲ್ಲ. ಕಂಪನಿ ತಂದ 350 ಟ್ವಿನ್ ಕೂಡ ಝೆಕ್ ಮೂಲದ್ದೇ, ಅದರ ಮೇಲೆ ಪೆಟ್ರೋಲ್ ಕುಡುಕ. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸರ್ಕಾರದ ನಿಯಮ ಕೊಂದಿತು ಎನ್ನುವ ಅಭಿಮಾನಿಗಳ ವಾದ ನನಗೆ ಅರ್ಧವಷ್ಟೇ ಒಪ್ಪಿಗೆ. ಆ ಕಾರ್ಖಾನೆಯನ್ನು ಅಷ್ಟು ವರ್ಷ ಸಾಕಿದ್ದೂ ಸರ್ಕಾರದ ನಿಯಮವೇ ತಾನೆ?

ಗಡಿ ದಾಟಿ ಹೊಸೂರಿಗೆ ಹೋಗಿ ನೋಡಿ. ಟಿವಿಎಸ್ ಕೂಡ ಜಪಾನಿನ ಸುಜುಕಿಯ ಕೈಹಿಡಿದೇ ಮೋಟರ್‌ಸೈಕಲ್ ಮಾಡಲು ಕಲಿತದ್ದು. 2001ರಲ್ಲಿ ಸುಜುಕಿ ದೂರವಾಗುವ ಹೊತ್ತಿಗೆ ಸ್ವಂತ ವಿನ್ಯಾಸದ ವಿಕ್ಟರ್ ಸಿದ್ಧವಿತ್ತು. ತಂತ್ರಜ್ಞಾನ ಕಡ ತರುವುದು ತಪ್ಪಲ್ಲ. ಕಡ ತಂದದ್ದರ ಮೇಲೇ ಬದುಕು ನಡೆಸುವುದು ಅಪಾಯ.

2018ರಲ್ಲಿ ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಜಾವಾವನ್ನು ಮತ್ತೆ ತಂದಿತು. 293 ಸಿಸಿಯ ಫೋರ್ ಸ್ಟ್ರೋಕ್ ಇಂಜಿನ್, ಬಟನ್ ಒತ್ತಿದರೆ ಸ್ಟಾರ್ಟ್. ಸೈಲೆನ್ಸರ್‌ಗಳನ್ನು ಮಾತ್ರ ನೆನಪಿಟ್ಟು ಎರಡೇ ಇಟ್ಟಿದ್ದಾರೆ. ಕಿಕ್ಕರ್, ಗೇರ್ ಎರಡೂ ಆಗುತ್ತಿದ್ದ ಆ ಒಂದೇ ಲಿವರ್‌ನ ಜಾಣತನಕ್ಕೆ ಈಗ ಕೆಲಸವಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತದೆ. ಆದರೆ ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮಾರಾಟಕ್ಕೆ ಮೈಸೂರಿನ ನೆನಪು ಬೇಕಾಯಿತು, ಮೈಸೂರಿನ ಕೆಲಸಗಾರರು ಬೇಕಾಗಲಿಲ್ಲ.