ಬಾಯಿ ಬಿಡದೆ ಪಾಸಾಗುವ ಬಳಕೆ ಕನ್ನಡ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ, ಕನ್ನಡ ಬಾರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ. ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’. ಹುಡುಗ ಆಟೋದವರ ಜೊತೆ, ಪಿಜಿ ಮಾಲೀಕರ ಜೊತೆ ನಾಲ್ಕು ಮಾತು ಕನ್ನಡದಲ್ಲಿ ಆಡುವಂತಾಗಲಿ ಎಂಬುದು ಬಳಕೆ ಕನ್ನಡದ ಆಶಯ. ಸೆಮಿಸ್ಟರಿನ ಕೊನೆಗೆ ನಡೆಯುವುದು ಮಾತ್ರ ಒಂದು ಗಂಟೆಯ ಪರೀಕ್ಷೆ: ಬಹುಆಯ್ಕೆಯ 50 ಪ್ರಶ್ನೆ, ಒಂದೊಂದಕ್ಕೆ ಒಂದೊಂದು ಅಂಕ. ಅಲ್ಲಿ ಯಾರೂ ಅವನನ್ನು ಮಾತಾಡಿಸುವುದಿಲ್ಲ. ಉಳಿದ 50 ಆಂತರಿಕ ಅಂಕಗಳಲ್ಲಿ ಮೇಷ್ಟ್ರು ಮನಸ್ಸು ಮಾಡಿದರೆ ಮಾತಾಡಿಸಬಹುದು. ಮಾಡದಿದ್ದರೂ ಕೇಳುವವರಿಲ್ಲ.

ಆದರೂ ಈ ವಿಷಯದ ಕಲಿಕಾಫಲಕ್ಕೆ ಕಾಲೇಜಿನ ಫೈಲಿನಲ್ಲಿ ಒಂದು ಅಂಕಿ ಸಿಕ್ಕಿರುತ್ತದೆ, ದಶಮಾಂಶದ ಸಮೇತ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಕಾಯಂ ಸದಸ್ಯ ದೇಶವಾಯಿತು. ಅಲ್ಲಿಂದೀಚೆಗೆ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆ ಬೇಕೆನ್ನುವ ಕಾಲೇಜುಗಳಲ್ಲಿ ‘ಸಿಒ-ಪಿಒ ಮ್ಯಾಪಿಂಗ್’ ನಿತ್ಯಕರ್ಮವಾಗಿದೆ. ಪ್ರತಿ ವಿಷಯಕ್ಕೂ ನಾಲ್ಕೈದು ಫಲಗಳು, ಅವು ಸಿಒ; ಇಡೀ ಪದವಿಗೆ ಹನ್ನೆರಡು (ಈಚಿನ ಪರಿಷ್ಕರಣೆಯಲ್ಲಿ ಹನ್ನೊಂದು), ಅವು ಪಿಒ. ಇದಕ್ಕೂ ಅದಕ್ಕೂ ಎಷ್ಟು ನಂಟು ಎಂದು 1, 2, 3 ಬರೆದು ಕೋಷ್ಟಕ ತುಂಬಬೇಕು. ಆಮೇಲೆ ಎಕ್ಸೆಲ್ ಹಾಳೆ ‘ಅಟೇನ್‌ಮೆಂಟ್’, ಅಂದರೆ ಫಲ ಎಷ್ಟು ಕೈಗೂಡಿತು ಎಂಬುದನ್ನು, ಹೇಳುತ್ತದೆ. ಎಂಜಿನಿಯರನೂ ಸಮಾಜವೂ, ಪರಿಸರ, ನೀತಿ, ಜೀವನಪರ್ಯಂತ ಕಲಿಕೆ ಮುಂತಾದ ದೊಡ್ಡ ಫಲಗಳನ್ನು ತಾಂತ್ರಿಕ ವಿಷಯಗಳವರು ಮುಟ್ಟಲು ಹಿಂಜರಿಯುವುದು ಸಹಜ. ಹಾಗಾಗಿ ಅವುಗಳ ಭಾರ ಬೀಳುವುದು ಸಂವಿಧಾನ, ಪರಿಸರ, ಕನ್ನಡದಂಥ ಸಾಮಾನ್ಯ ಪತ್ರಿಕೆಗಳ ಮೇಲೆ. ಅತಿ ಕಡಿಮೆ ಕ್ರೆಡಿಟ್, ಅತಿ ಸುಲಭದ ಪರೀಕ್ಷೆ, ಅತಿ ಹೆಚ್ಚಿನ ಭರವಸೆ.

ಲೆಕ್ಕದ ಒಳಗನ್ನೂ ನೋಡಬೇಕು. ಎನ್‌ಬಿಎಯ ಸ್ವಯಂ ಮೌಲ್ಯಮಾಪನ ವರದಿಯ ಮಾದರಿಯಲ್ಲಿ ಒಂದು ಉದಾಹರಣೆಯಿತ್ತು: ಶೇ. 60ರಷ್ಟು ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಸರಾಸರಿಗಿಂತ ಹೆಚ್ಚು ಅಂಕ ಪಡೆದರೆ ಮೊದಲ ಮಟ್ಟ, ಶೇ. 70 ಆದರೆ ಎರಡನೆಯದು, ಶೇ. 80 ಆದರೆ ಮೂರನೆಯದು. ಸರಾಸರಿಯ ಬದಲು ತಮ್ಮದೇ ಗುರಿ ಇಟ್ಟುಕೊಳ್ಳಲೂ ಅವಕಾಶವಿತ್ತು. ಸರಾಸರಿ ಹಿಡಿದವರ ಪಾಡು ನೋಡಿ. ಎಲ್ಲ ಕಾಲೇಜುಗಳೂ ಎಷ್ಟೇ ಚೆನ್ನಾಗಿ ಕಲಿಸಲಿ, ಸರಾಸರಿಯೂ ಜೊತೆಯಲ್ಲೇ ಏರುತ್ತದೆ. ಒಬ್ಬರು ಮೂರನೆಯ ಮಟ್ಟ ಮುಟ್ಟಬೇಕಾದರೆ ಇನ್ನೊಬ್ಬರು ಹಿಂದೆ ಬೀಳುವುದೇ ಒಳ್ಳೆಯದು. ತಮ್ಮದೇ ಗುರಿ ಇಟ್ಟುಕೊಂಡವರಿಗೆ ಆ ತಾಪತ್ರಯವಿಲ್ಲ, ಗುರಿಯನ್ನೇ ಕೈಗೆಟುಕುವಷ್ಟಕ್ಕೆ ಇಳಿಸಿಕೊಂಡರಾಯಿತು. ಎರಡು ದಾರಿಯಲ್ಲೂ ಅಳೆಯುತ್ತಿರುವುದು ಅಂಕವನ್ನು. ಆ ಅಂಕಕ್ಕೂ ಹೇಳಿಕೊಂಡ ಫಲಕ್ಕೂ ನಂಟಿದೆಯೇ ಎಂಬುದನ್ನು ಕೋಷ್ಟಕ ಮೊದಲೇ ನಂಬಿಬಿಟ್ಟಿದೆ.

ಪ್ರಶ್ನೆ ಯಾವ ಮಟ್ಟದ ಯೋಚನೆ ಕೇಳುತ್ತದೆಂದು ತೋರಿಸಲು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಎಲ್1, ಎಲ್2 ಎಂದು ನಮೂದಿಸುತ್ತೇವಲ್ಲ, ಆ ವರ್ಗೀಕರಣ ಕೊಟ್ಟ ಬೆಂಜಮಿನ್ ಬ್ಲೂಮ್ ಷಿಕಾಗೋ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿಯಲ್ಲಿದ್ದವರು. ಅಲ್ಲಿ ಸಾಮಾನ್ಯ ಶಿಕ್ಷಣದ ಸಮಗ್ರ ಪರೀಕ್ಷೆಗಳನ್ನು ಪಾಠ ಮಾಡಿದವರಲ್ಲ, ಈ ಮಂಡಳಿ ನಡೆಸುತ್ತಿತ್ತು. ವಿದ್ಯಾರ್ಥಿ ಹಿಂದೆ ಕಾಣದ ಸಾಮಗ್ರಿಯನ್ನು ಎದುರಿಗಿಟ್ಟು, ಕಲಿತದ್ದನ್ನು ಅಲ್ಲಿ ಹೇಗೆ ಬಳಸುತ್ತಾನೆಂದು ನೋಡುವುದು ಅವರ ಒಲವು. ವರ್ಗೀಕರಣ ಪುಸ್ತಕವಾಗಿ ಬಂದದ್ದು 1956ರಲ್ಲಿ. ಮರುವರ್ಷವೇ ಬ್ಲೂಮ್ ಭಾರತಕ್ಕೆ ಬಂದು ಇಲ್ಲಿನ ಪರೀಕ್ಷಾ ಸುಧಾರಣೆಗೆ ಕಮ್ಮಟ ನಡೆಸಿದರು. ಒಳ್ಳೆಯ ಪ್ರಶ್ನೆ ಹುಟ್ಟಿಸಲೆಂದು ಮಾಡಿದ ಪಟ್ಟಿ ನಮ್ಮಲ್ಲಿ ಹಳೆಯ ಪ್ರಶ್ನೆಗೆ ಹಚ್ಚುವ ಮೊಹರಾಯಿತು.

ಪರಿಸರ ಅಧ್ಯಯನದ್ದೂ ಇದೇ ಕಥೆ. ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಬೆನ್ನಿಗೆ ಯುಜಿಸಿ ಎಲ್ಲ ಪದವಿಗಳಿಗೂ ಹೊಂದುವಂತೆ ರೂಪಿಸಿದ ಪಠ್ಯದಲ್ಲಿ ನೂರರಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕಿತ್ತು. ಕೆರೆಯೋ ಕಸದ ಗುಂಡಿಯೋ, ಹೋಗಿ ನೋಡಿ ಬರೆಯಬೇಕಿತ್ತು. ಆ ಹೊತ್ತಿಗೆ ಇದಕ್ಕಿಂತ ಪ್ರಾಮಾಣಿಕವಾದ ಮೌಲ್ಯಮಾಪನ ನಮ್ಮ ಸಾಮಾನ್ಯ ಪತ್ರಿಕೆಗಳಲ್ಲಿ ಇರಲಿಲ್ಲ ಎಂದೇ ನನ್ನ ಎಣಿಕೆ. ತರಗತಿ ದೊಡ್ಡದಾದಂತೆ ಮೊದಲು ಸೊರಗಿದ್ದೂ ಅದೇ.

ಫಲಾಧಾರಿತ ಶಿಕ್ಷಣವನ್ನೇ ಹಳಿಯುವ ಸಹೋದ್ಯೋಗಿಗಳ ಜೊತೆ ನಾನಿಲ್ಲ. ‘ನಾನು ಪಾಠ ಮುಗಿಸಿದೆ’ ಎನ್ನುವುದಕ್ಕೂ ‘ಅವರಿಗೆ ಇಂಥದ್ದು ಬಂತು’ ಎನ್ನುವುದಕ್ಕೂ ಇರುವ ಅಂತರವನ್ನು ಅದು ತೋರಿಸಿಕೊಟ್ಟಿತು. ತಕರಾರು ಇರುವುದು ಪುರಾವೆಯ ಬಗ್ಗೆ. ಅಮೆರಿಕದ ಕಾಲೇಜುಗಳ ಒಕ್ಕೂಟ ಎಎಸಿ ಆಂಡ್ ಯು 2009ರಲ್ಲಿ ಹೊರತಂದ ‘ವ್ಯಾಲ್ಯೂ’ ರೂಬ್ರಿಕ್‌ಗಳು ಬೇರೆ ಪರೀಕ್ಷೆ ಕೇಳುವುದಿಲ್ಲ. ವಿದ್ಯಾರ್ಥಿ ಯಾವುದೋ ತರಗತಿಗೆ ಆಗಲೇ ಬರೆದ ಪ್ರಬಂಧವನ್ನು ತೆಗೆದುಕೊಂಡು, ವಿಮರ್ಶಾತ್ಮಕ ಚಿಂತನೆ, ನೈತಿಕ ವಿವೇಚನೆ ಇತ್ಯಾದಿಗಳಲ್ಲಿ ನಾಲ್ಕು ಮೆಟ್ಟಿಲುಗಳ ಪೈಕಿ ಎಲ್ಲಿದೆ ಎಂದು ಅಧ್ಯಾಪಕರು ಓದಿ ಹೇಳುತ್ತಾರೆ. ಓದುವವರಲ್ಲೇ ಒಮ್ಮತ ಮೂಡದ ತೊಂದರೆ ಅಲ್ಲೂ ಉಂಟು. ಆದರೆ ಆ ಜಗಳ ಬರಹದ ಮೇಲೆ ನಡೆಯುತ್ತದೆ. ನಮ್ಮದು ಸೂತ್ರದ ಮೇಲೆ.

ಬಳಕೆ ಕನ್ನಡಕ್ಕೆ ಇಷ್ಟೂ ಬೇಡ. ಚೀಟಿ ಎತ್ತಿ ಮೂವತ್ತು ಮಕ್ಕಳನ್ನು ಆರಿಸಿ, ಪಾಠ ಮಾಡದ ಇಬ್ಬರು ತಲಾ ಐದು ನಿಮಿಷ ಮಾತಾಡಿಸಿ, ವಿಳಾಸ ಕೇಳಿದನೇ, ಬಾಡಿಗೆ ಚೌಕಾಸಿ ಮಾಡಿದನೇ, ತಡವರಿಸಿದ್ದೆಲ್ಲಿ ಎಂದು ಒಂದು ಪುಟ ಬರೆಯಲಿ. ಒಂದು ಮಧ್ಯಾಹ್ನದ ಕೆಲಸ. ಕನ್ನಡದ ಮೇಷ್ಟ್ರು ಒಬ್ಬರೇ ಇರುವ ಕಾಲೇಜಿನಲ್ಲಿ ಕ್ಯಾಂಟೀನ್ ನಡೆಸುವವರನ್ನೇ ಪರೀಕ್ಷಕರಾಗಿ ಕೂರಿಸಬಹುದು. ಯಾವ ಹುಡುಗನಿಗೆ ಕನ್ನಡ ಬಂದಿದೆ, ಯಾರಿಗೆ ಬಂದಿಲ್ಲ ಎಂಬುದು ಅವರಿಗೆ ಈಗಾಗಲೇ ಗೊತ್ತಿರುತ್ತದೆ.