ಶಿಳ್ಳೆಗೆ ನಿಲ್ಲುವ ದೋಣಿ

ಬ್ಯಾಂಕಾಕ್ ನೋಡಲು ಚಾವೊ ಫ್ರಾಯ ನದಿಯ ಎಕ್ಸ್‌ಪ್ರೆಸ್ ದೋಣಿಗಿಂತ ಒಳ್ಳೆಯ ವಾಹನವಿಲ್ಲ. 1782ರಲ್ಲಿ ರಾಜಧಾನಿಯಾದ ಊರು ಬೆಳೆದದ್ದೇ ಈ ನದಿಯನ್ನು ನಂಬಿ. ಅರಮನೆ, ದೇವಾಲಯ, ಹಳೆಯ ಮಾರುಕಟ್ಟೆಗಳೆಲ್ಲ ಇಂದಿಗೂ ದಂಡೆಗೆ ಹತ್ತಿರದಲ್ಲೇ ಇವೆ.

ದೋಣಿ ಕಟ್ಟೆಗೆ ಬರುವ ಕ್ಷಣವನ್ನು ಗಮನಿಸಬೇಕು. ಚಾಲಕ ಇರುವುದು ಮುಂದೆ, ಜನ ಹತ್ತಿ ಇಳಿಯುವುದು ಹಿಂದೆ. ಹಿಂಬದಿಯಲ್ಲಿ ನಿಂತ ಕೆಲಸಗಾರ ಶಿಳ್ಳೆ ಊದಿಯೇ ಹತ್ತಿರ ತಾ, ಹಿಂದೆ ಬಾ, ನಿಲ್ಲಿಸು ಎಂದು ಹೇಳುತ್ತಾನೆ. ಉದ್ದನೆಯ ದೋಣಿ ಕಟ್ಟೆಗೆ ಒತ್ತಿಕೊಳ್ಳುತ್ತಿದ್ದಂತೆ ಹಗ್ಗವನ್ನು ಗೂಟಕ್ಕೆ ಸುತ್ತುತ್ತಾನೆ. ಜನ ಹತ್ತಿದ್ದೇ ತಡ, ಮತ್ತೆ ಶಿಳ್ಳೆ, ದೋಣಿ ಹೊರಟಿತು! ಒಳಗೆ ಕಂಡಕ್ಟರ್ ಉದ್ದನೆಯ ಲೋಹದ ಡಬ್ಬಿಯನ್ನು ಟಕಟಕ ಬಡಿಯುತ್ತ ಬರುತ್ತಾರೆ. ಚಿಲ್ಲರೆಯೂ ಅದರಲ್ಲೇ, ಟಿಕೆಟ್ ಸುರುಳಿಯೂ ಅದರಲ್ಲೇ.

ಅರಮನೆಯ ಎದುರು ದಂಡೆಯ ವಾಟ್ ಅರುಣ್ ಸೂರ್ಯನ ಸಾರಥಿ ಅರುಣನ ಹೆಸರು ಹೊತ್ತ ದೇಗುಲ. ದೂರಕ್ಕೆ ಬೂದುಬಣ್ಣವೆನಿಸುವ ಅದರ ಗೋಪುರದ ತುಂಬ, ಹತ್ತಿರ ಹೋದರೆ, ಚೀನಾದ ಪಿಂಗಾಣಿ ಚೂರುಗಳಲ್ಲಿ ಜೋಡಿಸಿದ ಹೂವುಗಳು. ಈಚೆ ದಂಡೆಯಲ್ಲಿ ವಾಟ್ ಫೋ. ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ.

ದೋಣಿಯೊಳಗೆ ನಿಮ್ಮ ಪಕ್ಕದಲ್ಲಿ ಕಚೇರಿಗೆ ಹೊರಟವರು, ಶಾಲಾ ಮಕ್ಕಳು. ಕಾವಿ ತೊಟ್ಟ ಭಿಕ್ಷುಗಳಿಗೆ ಪ್ರತ್ಯೇಕ ಜಾಗ. ಬ್ಯಾಂಕಾಕ್‌ಗೆ ಹೋದರೆ ಒಂದು ದಿನವನ್ನು ನದಿಗೇ ಕೊಡಿ. ಪ್ರವಾಸಿ ದೋಣಿ ಬೇಡ, ಊರಿನವರೇ ಹತ್ತುವ ಕಿತ್ತಳೆ ಬಾವುಟದ ದೋಣಿಯನ್ನೇ ಹತ್ತಿ.