ಮೆಟ್ಟಿಲ ಮೇಲಿನ ಡಸ್ಟಿ

 ಬರೆಯಲು ಕೂರುವ ಮುನ್ನ ಹಳೆಯ ಹಾಡೊಂದನ್ನು ಹಾಕಿದೆ. ಆಮೇಲೆ ಬೇರೇನೂ ಕಿವಿಗೆ ಹತ್ತಲಿಲ್ಲ. 

ಹಾಕಿದ್ದು ಬ್ರಿಟಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ 1966ರಲ್ಲಿ ಹಾಡಿದ 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ'. ಹಾಡಿನ ತವರು ಇಟಲಿ. 1965ರ ಸಾನ್‌ರೆಮೊ ಗೀತೋತ್ಸವಕ್ಕೆ ತಾನೂ ಸ್ಪರ್ಧಿಯಾಗಿ ಹೋಗಿದ್ದ ಡಸ್ಟಿ ಅಲ್ಲಿ ಗಾಯಕ ಪೀನೊ ದೊನಾಜ್ಜೊನ ಈ ಹಾಡು ಕೇಳಿ, ಧಾಟಿಯನ್ನು ಮನಸ್ಸಿನಲ್ಲಿ ತುಂಬಿಕೊಂಡು ಲಂಡನ್ನಿಗೆ ಮರಳಿದಳು. ಮರುವರ್ಷ ವಾದ್ಯಗಳ ಧ್ವನಿಮುದ್ರಣ ಮುಗಿದರೂ ಇಂಗ್ಲಿಷ್ ಸಾಹಿತ್ಯವೇ ಇರಲಿಲ್ಲ. ಟಿವಿ ನಿರ್ಮಾಪಕಿ ವಿಕಿ ವಿಕಮ್ ಮತ್ತು ಪಾಪ್ ಸಂಗೀತಗಾರರ ಮ್ಯಾನೇಜರ್ ಸೈಮನ್ ನೇಪಿಯರ್-ಬೆಲ್ ಅವಸರದಲ್ಲಿ ಬರೆದುಕೊಟ್ಟರು. ಇಬ್ಬರೂ ಕವಿಗಳಲ್ಲ. ಇಟಾಲಿಯನ್ ಹಾಡಿನಲ್ಲಿದ್ದುದು ನೀನಿಲ್ಲದೆ ಬದುಕಿಲ್ಲವೆಂಬ ಪ್ರೇಮಿಯ ಅಳಲು. ಇವರ ಕೈಯಲ್ಲಿ ಅದು ಪ್ರೀತಿಯ ಮಾತಿನ ಆಸೆಯನ್ನೂ ಬಿಟ್ಟುಕೊಟ್ಟು ಬರೀ ಸಾಮೀಪ್ಯವನ್ನು ಬೇಡುವ ದನಿಯಾಯಿತು.

ಇಲ್ಲೇ ನನ್ನ ಹಳೆಯ ತಕರಾರು. ತಾನೇ ಬರೆದು ತಾನೇ ಹಾಡಿದರಷ್ಟೇ ನೋವು ನಿಜ ಎನ್ನುವ ಪಂಥವೊಂದಿದೆ. ಬಾಬ್ ಡಿಲನ್, ಬೀಟಲ್ಸ್ ಹೆಸರು ಮುಂದಿಟ್ಟುಕೊಂಡು ಅದು ಇಂದಿಗೂ ಡಸ್ಟಿಯಂಥವರನ್ನು ಎರಡನೇ ಪಂಕ್ತಿಯಲ್ಲಿ ಕೂರಿಸುತ್ತದೆ. ನನಗಿದು ಒಪ್ಪಿಗೆಯಿಲ್ಲ.

ಏಕೆಂದು ತಿಳಿಯಬೇಕಾದರೆ ಈ ಹಾಡಿನ ಮುದ್ರಣದ ಕಥೆ ಕೇಳಿ. ಲಂಡನ್ನಿನ ಮಾರ್ಬಲ್ ಆರ್ಚ್ ಬಳಿಯ ಫಿಲಿಪ್ಸ್ ಸ್ಟುಡಿಯೊದಲ್ಲಿ ತನ್ನ ದನಿಗೆ ಸಿಗುತ್ತಿದ್ದ ಪ್ರತಿಧ್ವನಿ ಡಸ್ಟಿಗೆ ಹಿಡಿಸಲಿಲ್ಲ. ಕಟ್ಟಡದ ಮೆಟ್ಟಿಲ ಬಳಿ ದನಿ ಚೆನ್ನಾಗಿ ಮೊಳಗುವುದು ಎಂಜಿನಿಯರ್ ಪೀಟರ್ ಆಲಿಫ್‌ಗೆ ಹೊಳೆಯಿತು. ಮೈಕ್ ಅಲ್ಲಿಗೆ ಹೋಯಿತು. ಡಸ್ಟಿ ಮೆಟ್ಟಿಲ ಮೇಲೆ ನಿಂತು ಹಾಡಿದಳು. ಒಂದೆರಡು ಸಲವಲ್ಲ, 47 ಸಲ ಹಾಡಿದಳಂತೆ.

ಈಗ ಹಾಡು ಹಾಕಿ. ತುತ್ತೂರಿಗಳ ಅಬ್ಬರ ಮುಗಿದೊಡನೆ ದನಿ ಕೆಳಸ್ತರಕ್ಕೆ ಇಳಿಯುತ್ತದೆ, ಯಾರಿಗೋ ಕೇಳಿಸೀತೆಂಬ ಅಂಜಿಕೆಯಿಂದ ಎಂಬಂತೆ. ಮೈನರ್ ಸ್ವರಶ್ರೇಣಿಯಲ್ಲಿ ನಡೆದ ಚರಣ ಪಲ್ಲವಿ ಬಂದಾಗ ಮೇಜರ್‌ಗೆ ತಿರುಗುತ್ತದೆ. ಬೇರೆ ಗಾಯಕಿಯಾಗಿದ್ದರೆ ಅಲ್ಲೇ ತನ್ನ ಶಕ್ತಿಯೆಲ್ಲ ಸುರಿದುಬಿಡುತ್ತಿದ್ದಳು. ಡಸ್ಟಿ ಸ್ವಲ್ಪ ಉಳಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಶ್ರುತಿ ಮೇಲೇರಿದಾಗ ಆ ಉಳಿಕೆ ಹೊರಬರುತ್ತದೆ, ಸಣ್ಣ ಒರಟಿನೊಂದಿಗೆ. ಆ ಒರಟನ್ನು ಯಾವ ಕವಿಯೂ ಕಾಗದದ ಮೇಲೆ ಬರೆದುಕೊಡಲಾರ. 1970ರಲ್ಲಿ ಎಲ್ವಿಸ್ ಪ್ರೀಸ್ಲಿ ಇದೇ ಹಾಡನ್ನು ತುಂಬುಗಂಟಲಲ್ಲಿ ಹಾಡಿದ. ಸೊಗಸಾಗಿದೆ, ಆದರೆ ಬೇಡುವವನ ಅಂಜಿಕೆ ಅದರಲ್ಲಿಲ್ಲ.

ಡಸ್ಟಿಯ ಹಾಡು ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಏರಿತು. ತಾಯ್ನಾಡಿನ ಪಟ್ಟಿಯಲ್ಲಿ ಆಕೆಗೆ ಒಂದನೇ ಸ್ಥಾನ ಸಿಕ್ಕಿದ್ದು ಇಡೀ ಬದುಕಿನಲ್ಲಿ ಅದೊಂದೇ ಸಲ.